ಅಳಿಸು ಪಕ್ಷ, ಉಳಿಸು ಪಕ್ಷ

ಕಂಪ್ಯೂಟರ್, ಫೋನುಗಳ ಹುಚ್ಚು ಹಿಡಿದವರೆಲ್ಲ ಸೇರುವ ಹರಟೆಕಟ್ಟೆಯೊಂದು ಅಂತರ್ಜಾಲದಲ್ಲಿತ್ತು. ಅಲ್ಲಿ ಯಾರೂ ಮನೆಯವರಿಟ್ಟ ಹೆಸರಿನಿಂದ ಬರೆಯುತ್ತಿರಲಿಲ್ಲ. ಅವಳು ಅಲ್ಲಿ ‘ಬೆಸುಗೆ’. ಲಿಫ್ಟುಗಳ ಕಂಟ್ರೋಲ್ ಬೋರ್ಡ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಭೂತಗನ್ನಡಿಯ ದೀಪದ ಕೆಳಗೆ ತಲೆ ತಗ್ಗಿಸಿ ಕೂತು, ಸುಟ್ಟುಹೋದ ಭಾಗ ಕಿತ್ತು ಹೊಸದನ್ನು ಕೂರಿಸುವುದು ಅವಳ ಕೆಲಸ. ಅವನು ಬಸ್ಸುಗಳ ಟಿಕೆಟ್ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವನು. ಯಾವುದೋ ವಾದದಲ್ಲಿ ಒಬ್ಬರು ರೇಗಿ, “ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಬಿಡಿ” ಎಂದು ಬರೆದಾಗ, ಬೇಸರ ಮಾಡಿಕೊಳ್ಳುವ ಬದಲು ತನ್ನ ಹೆಸರನ್ನೇ ‘ಮೂರುಕಾಲಿನ ಮೊಲ’ ಎಂದು ಬದಲಾಯಿಸಿಕೊಂಡಿದ್ದ. ಕಟ್ಟೆಯವರ ಬಾಯಲ್ಲಿ ಅದು ಬರೀ ‘ಮೊಲ’ ಆಯಿತು.

ಇಬ್ಬರಿಗೂ ಮೊದಲು ಹತ್ತಿಕೊಂಡದ್ದು ಫೋನಿನ ಬ್ಯಾಟರಿಯ ವಿಷಯಕ್ಕೆ. ಕೊಂಡವರೇ ಬಿಚ್ಚಿ ಬದಲಿಸುವ ಹಾಗಿರಬೇಕು ಎಂದು ಅವಳು. ಅಂಟು ಹಾಕಿ ಮುಚ್ಚಿದರೇ ನೀರು, ಧೂಳು ಒಳಗೆ ಹೋಗುವುದಿಲ್ಲ ಎಂದು ಅವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವಳು ಪುಟಗಟ್ಟಲೆ ಬರೆದರೆ ಅವನು ಒಂದೇ ಸಾಲಿನಲ್ಲಿ ಕುಟುಕುತ್ತಿದ್ದ. ಆ ವಾದ ತಣ್ಣಗಾಗಿ ಎಲ್ಲರೂ ಮರೆತ ಮೇಲೆ ಅವನಿಂದ ಅವಳಿಗೊಂದು ಖಾಸಗಿ ಸಂದೇಶ ಬಂತು: “ನನ್ನ ಫೋನಿನ ಬ್ಯಾಟರಿ ಊದಿಕೊಂಡಿದೆ. ಏನ್ ಮಾಡ್ಲಿ?”

“ಈಗ ಬಂದ್ರಾ ದಾರಿಗೆ?” ಎಂದು ಬರೆದಳು. ಮರುಕ್ಷಣವೇ ಹೆದರಿಕೆಯಾಗಿ, “ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಊರು ಯಾವುದು ನಿಮ್ದು?” ಎಂದು ಸೇರಿಸಿದಳು.

ಊರು ಒಂದೇ ಆಗಿತ್ತು. ಊದಿದ ಫೋನನ್ನು ಮರಳು ತುಂಬಿದ ತಗಡಿನ ಡಬ್ಬದಲ್ಲಿಟ್ಟುಕೊಂಡು, ಬಸವನಹುಳುವಿನ ಹಾಗೆ ನಡೆದು ವರ್ಕ್‌ಶಾಪಿನ ಬಾಗಿಲಿಗೆ ಬಂದ ಮನುಷ್ಯನನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಮದುವೆಯೂ ಆಯಿತು.

ಮದುವೆಯಾದ ಮೇಲೂ ಜಗಳ ನಿಲ್ಲಲಿಲ್ಲ. ಊಟದ ಮೇಜಿನ ಮೇಲೆ ಶುರುವಾದದ್ದು ಕಟ್ಟೆಯಲ್ಲಿ ಮುಂದುವರಿಯುತ್ತಿತ್ತು; ಕಟ್ಟೆಯಲ್ಲಿ ಸೋತವರು ಪಾತ್ರೆ ತೊಳೆಯಬೇಕು ಎಂದು ಮನೆಯಲ್ಲಿ ಒಪ್ಪಂದ. ಇವರು ಗಂಡ ಹೆಂಡತಿ ಎಂದು ಅಲ್ಲಿ ಗೊತ್ತಿದ್ದದ್ದು ಕಟ್ಟೆಯನ್ನು ನೋಡಿಕೊಳ್ಳುವ ಮೇಷ್ಟ್ರಿಗೆ ಮಾತ್ರ. ಅವರು ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಬೈಗುಳ ಅಳಿಸುವುದು, ಹೊಸಬರನ್ನು ಸಂಭಾಳಿಸುವುದು ಅವರ ಈಗಿನ ನೌಕರಿ.

ಹಜಾರದ ಕಪಾಟಿನಲ್ಲಿ ಇವರದೇ ಒಂದು ಪುಟ್ಟ ಸರ್ವರ್ ಇತ್ತು. ಹಳೆಯ ಭಾಗಗಳನ್ನು ಜೋಡಿಸಿ ಯಂತ್ರ ಕಟ್ಟಿದವಳು ಅವಳು, ಅದಕ್ಕೆ ತಂತ್ರಾಂಶ ತುಂಬಿದವನು ಅವನು. ಯಾರ ಫೋನಿನಲ್ಲಿ ಏನೇ ತೆಗೆದರೂ ಅದು ತಾನಾಗಿಯೇ ಅಲ್ಲಿಗೆ ಹೋಗಿ ಕೂರುತ್ತಿತ್ತು, ಅಲ್ಲಿಂದ ಇಬ್ಬರ ಫೋನಿಗೂ ಬರುತ್ತಿತ್ತು. ಅಲ್ಲಿ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತಿತ್ತು.

ಅವಳು ಬಸುರಾದಾಗ, ಸ್ಕ್ಯಾನ್ ಕೋಣೆಯಲ್ಲಿ ಡಾಕ್ಟರು ಮಗುವಿನ ಎದೆಬಡಿತದ ಸದ್ದನ್ನು ಜೋರು ಮಾಡಿ ಕೇಳಿಸಿದರು. “ಕುದುರೆ ಓಡಿದ ಹಾಗಿದೆಯಲ್ಲೋ!” ಎಂದು ಅವಳು ಮಲಗಿದ್ದಲ್ಲೇ ಫೋನ್ ಎತ್ತಿ ಹಿಡಿದು ರೆಕಾರ್ಡ್ ಮಾಡಿಕೊಂಡಳು. ಆ ಫೈಲಿಗೆ ಅವನು ‘ಮರಿ’ ಎಂದು ಹೆಸರು ಕೊಟ್ಟ. ಮೊಲದ ಮಗು ಮರಿಯಲ್ಲದೆ ಇನ್ನೇನು ಎಂದು ಇಬ್ಬರೂ ನಕ್ಕರು.

ತಿಂಗಳು ತುಂಬುವ ಮೊದಲೇ ನೋವು ಬಂತು. ಹೆಣ್ಣು ಮಗು. ಹುಟ್ಟಿದಾಗ ಅಳಲಿಲ್ಲ, ಆಮೇಲೂ ಅಳಲಿಲ್ಲ.

ಅವಳಿಗೆ ಎಚ್ಚರ ಸರಿಯಾಗಿ ಬರುವಷ್ಟರಲ್ಲಿ ಮಗುವನ್ನು ಮಣ್ಣು ಮಾಡುವ ಕೆಲಸ ಮುಗಿದಿತ್ತು. ಅವನು ಮತ್ತು ಅವಳ ಭಾವ ಹೋಗಿ ಮುಗಿಸಿ ಬಂದಿದ್ದರು. ಮನೆಗೆ ಬಂದಾಗ ಮಗುವಿಗೆಂದು ತಂದಿಟ್ಟಿದ್ದ ಪುಟ್ಟ ಮಂಚವೂ ಇರಲಿಲ್ಲ. “ಕಣ್ಣಿಗೆ ಬಿದ್ರೆ ಸಂಕಟ ಆಗುತ್ತೆ ಅಂತ ಕೊಟ್ಬಿಟ್ವಿ ಕಣೇ,” ಎಂದಳು ಅಕ್ಕ. ಅವಳು ತಲೆಯಾಡಿಸಿದಳು. ಎಲ್ಲರೂ ಒಳ್ಳೆಯದಕ್ಕೇ ಮಾಡಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಅಕ್ಕ ತನ್ನ ಮನೆಗೆ ಹೋದ ಮೇಲೆ ಇಬ್ಬರ ಬಾಯಿಗೂ ಬೀಗ ಬಿತ್ತು. ಹಾಲು ತಂದೆಯಾ, ಗ್ಯಾಸ್ ಆರಿಸಿದೆಯಾ, ಬಾಗಿಲು ಹಾಕಿದೆಯಾ, ಇಷ್ಟೇ ಮಾತು. ಅವನು ಎದುರಿಗೆ ಬಂದರೆ ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮತ್ತೊಮ್ಮೆ ಮಡಿಸುವಳು. ಅವಳು ಏನೋ ಹೇಳಲು ಉಸಿರೆಳೆದುಕೊಂಡರೆ ಅವನು ಟೀ ಇಡಲು ಎದ್ದು ಹೋಗುವನು. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು.

ಕಟ್ಟೆಯಲ್ಲಿ ಮಾತ್ರ ಇಬ್ಬರೂ ಮೊದಲಿನ ಹಾಗೇ ಇದ್ದರು. ಅವಳು ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು, ಅವನು ಹಜಾರದಲ್ಲಿ ತನ್ನ ಮೇಜಿನ ಮುಂದೆ. ನಡುವೆ ಒಂದು ಗೋಡೆ. ಅವಳು ಏನಾದರೂ ಬರೆದು ಕಳಿಸಿದರೆ, ಕೊಂಚ ಹೊತ್ತಿಗೆ ಆಚೆಯಿಂದ ಅವನ ಕೀಲಿಮಣೆಯ ಸದ್ದು ಕೇಳುತ್ತಿತ್ತು. ಗಟ್ಟಿ ಕೀಲಿಗಳ ಹಳೆಯ ಕೀಲಿಮಣೆ ಅದು. ಅದರ ಟಕಟಕದ ಮೇಲೇ ಅವನಿಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ಎಂದು ಅವಳು ಹೇಳಬಲ್ಲಳು. ಆ ಸದ್ದಿಗಾಗಿ ಕಾಯುತ್ತಿದ್ದಳು. ಕಟ್ಟೆಯ ಮಂದಿಗೆ ಇದೇನೂ ಗೊತ್ತಿಲ್ಲ. “ಬೆಸುಗೆ, ಮೊಲ ಮತ್ತೆ ಶುರು ಹಚ್ಕೊಂಡ್ರು, ಕಡಲೆಕಾಯಿ ತನ್ರಪ್ಪಾ,” ಎಂದು ಒಬ್ಬ ಬರೆದರೆ ಇನ್ನೊಬ್ಬ ನಗುವ ಮುಖ ಅಂಟಿಸುತ್ತಿದ್ದ.

ಒಂದು ಭಾನುವಾರದ ಮಧ್ಯಾಹ್ನ ಹೊಸಬನೊಬ್ಬ ಕಟ್ಟೆಗೆ ಬಂದು ಸಣ್ಣ ಪ್ರಶ್ನೆ ಕೇಳಿದ: ಏನೇ ಅಳಿಸಲು ಹೋದರೂ ‘ಖಚಿತವೇ?’ ಎಂದು ಕೇಳುತ್ತದೆ, ತಲೆನೋವು, ಇದನ್ನು ನಿಲ್ಲಿಸುವುದು ಹೇಗೆ? ಒಂದು ಸಾಲಿನ ಉತ್ತರ ಸಾಕಿತ್ತು. ಕಟ್ಟೆ ಎಂದಾದರೂ ಒಂದು ಸಾಲಿಗೆ ತೃಪ್ತಿಪಟ್ಟದ್ದುಂಟೆ? ಟೀ ಹೊತ್ತಿಗೆ ಎರಡು ಬಣ ಎದ್ದು ನಿಂತಿದ್ದವು. ಯಜಮಾನ ಅಳಿಸು ಎಂದ ಮೇಲೆ ಯಂತ್ರ ತೆಪ್ಪಗೆ ಅಳಿಸಬೇಕು ಎನ್ನುವುದು ಅಳಿಸು ಪಕ್ಷ. ಕೈ ತಪ್ಪುತ್ತದೆ, ಆದ್ದರಿಂದ ಯಂತ್ರ ಯಾವುದನ್ನೂ ಪೂರ್ತಿ ಬಿಡಬಾರದು ಎನ್ನುವುದು ಉಳಿಸು ಪಕ್ಷ. “ಅಳಿಸಿದವರೇ ಆಮೇಲೆ ಅಳಿಸ್ತಾರೆ, ಹುಷಾರು!” ಎಂದು ಒಬ್ಬ ಶ್ಲೇಷೆ ಹೊಡೆದ. ಎಲ್ಲರೂ ಮೆಚ್ಚಿದರು.

ಮೊಲ ಅಳಿಸು ಪಕ್ಷ ಸೇರಿದ್ದ. “ಬೇಡ ಅಂತ ನಿರ್ಧಾರ ಮಾಡಿ ಅಳಿಸಿದವರನ್ನ ಮತ್ತೆ ಮತ್ತೆ ಕೇಳೋದು ಹಿಂಸೆ. ಕೆಲವು ಹೋಗೋದೇ ಒಳ್ಳೇದು,” ಎಂದು ಬರೆದ.

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಬರೆದಳು:

“ಒಂದು ಮನೆ. ಇಬ್ಬರಿಗೂ ಸೇರಿದ ಒಂದು ಫೈಲು. ಅದರಲ್ಲಿದ್ದದ್ದು ಒಂದು ಸದ್ದು, ಪೂರ್ತಿ ಒಂದು ನಿಮಿಷವೂ ಇಲ್ಲ. ಒಬ್ಬರು ಇನ್ನೊಬ್ಬರನ್ನ ಕೇಳದೆ ಅಳಿಸಿದರು. ಕಸದಬುಟ್ಟಿಯನ್ನೂ ಖಾಲಿ ಮಾಡಿದರು. ಖಚಿತವೇ ಅಂತ ಯಂತ್ರ ಒಬ್ಬರನ್ನ ಮಾತ್ರ ಕೇಳಿತು. ಇನ್ನೊಬ್ಬರನ್ನ ಯಾಕೆ ಕೇಳಲಿಲ್ಲ? ಆ ಸದ್ದು ಮಾಡಿದ ಮಗು ಈಗ ಇಲ್ಲ.”

ಕೊನೆಯ ಸಾಲನ್ನು ಓದುವ ತಾಳ್ಮೆ ಎಷ್ಟು ಜನಕ್ಕಿತ್ತೋ. ಒಬ್ಬ ಅನುಮತಿಗಳನ್ನು ಹೊಂದಿಸುವ ಕ್ರಮ ವಿವರಿಸಿದ. ಖಾತೆ ಯಾರ ಹೆಸರಿನಲ್ಲಿದೆಯೋ ಅವರದೇ ಹಕ್ಕು ಎಂದು ಮತ್ತೊಬ್ಬ. “ಬ್ಯಾಕಪ್ ಇಡದವರಿಗೆ ಅಳೋ ಹಕ್ಕಿಲ್ಲ,” ಎಂದು ಇನ್ನೊಬ್ಬ. ಅದು ಕಟ್ಟೆಯ ಹಳೆಯ ಗಾದೆ, ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದದ್ದು. ಅವಳೇ ಎಷ್ಟೋ ಜನರಿಗೆ ಹೇಳಿದ್ದಳು.

ಗೋಡೆಯಾಚೆ ಕೀಲಿಗಳ ಸದ್ದಿಲ್ಲ. ಕುರ್ಚಿ ಹಿಂದೆ ಸರಿದ ಸದ್ದು. ಬಾಗಿಲಲ್ಲಿ ಅವನು ನಿಂತಿದ್ದ.

“ನಿಂಗೆ ಯಾವಾಗ ಗೊತ್ತಾಯ್ತು?”

“ಅಳಿಸಿದ ಮಾರನೇ ದಿನಾನೇ. ನೀನು ಸ್ನಾನಕ್ಕೆ ಹೋದಾಗ ದಿನಾ ಕೇಳ್ತಿದ್ದೆ ನಾನು. ಅವತ್ತು ಹುಡುಕಿದ್ರೆ ಇಲ್ಲ.”

ಅವನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದ. “ನಾನೂ ಕೇಳ್ತಿದ್ದೆ. ಬಸ್ಸಲ್ಲಿ, ಕಿವಿಗೆ ಹಾಕ್ಕೊಂಡು. ಇಳಿಯೋ ಸ್ಟಾಪ್ ಎಷ್ಟು ಸಲ ದಾಟಿ ಹೋಗಿದ್ದೀನೋ. ಒಂದಿನ ಆಫೀಸಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ. ಇದು ಫೋನಲ್ಲಿ ಇರೋವರೆಗೂ ನಾನು ಬದುಕಲ್ಲ ಅನ್ನಿಸ್ತು. ನೀನೂ ಕೇಳ್ತಿರಬಹುದು ಅಂತ ಹೊಳೀಲೇ ಇಲ್ಲ ಕಣೇ. ನೀನು ಒಂದು ಹನಿ ಕಣ್ಣೀರು ಹಾಕಿದ್ದನ್ನ ನಾನು ನೋಡಿರ್ಲಿಲ್ಲ.”

“ನೀನು ಹಾಕಿದ್ದನ್ನ ನಾನು ನೋಡಿದ್ನಾ?”

ಅವನು ಮೊಣಕಾಲನ್ನು ಎದೆಗೆ ಎಳೆದುಕೊಂಡ.

“ನನ್ನ ಕೇಳಬೇಕಿತ್ತು,” ಎಂದಳು. ದನಿ ಏರಲಿಲ್ಲ. “ಮಂಚ ಕೊಡೋವಾಗ ಯಾರೂ ಕೇಳಲಿಲ್ಲ. ಅವಳನ್ನ ತಗೊಂಡು ಹೋಗೋವಾಗ ಕೇಳಲಿಲ್ಲ. ಉಳಿದಿದ್ದು ಅದೊಂದು. ಬೇಡ ಅಂದಿದ್ರೆ ಕೊನೇ ಸಲ ಇಬ್ರೂ ಕೂತು ಕೇಳಿ, ಆಮೇಲೆ ಅಳಿಸಬಹುದಿತ್ತು.”

ಅವನು ಮೊಣಕಾಲಲ್ಲಿ ಮುಖ ಹುದುಗಿಸಿ ಅತ್ತ. ಅವಳು ಹಾಸಿಗೆಯಿಂದ ಇಳಿದು ಪಕ್ಕದಲ್ಲಿ ಕೂತಳು. ಕ್ಷಮಿಸಿದ್ದೇನೆ ಎಂದೇನೂ ಹೇಳಲಿಲ್ಲ. ಕ್ಷಮಿಸಿದ್ದಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಸರ್ವರಿನ ಡಿಸ್ಕನ್ನು ಬಿಚ್ಚಿ ಊಟದ ಮೇಜಿನ ಮೇಲಿಟ್ಟುಕೊಂಡರು. ಅಳಿಸಿದ ಜಾಗದ ಮೇಲೆ ಬೇರೇನೂ ಬರೆಯದಿದ್ದರೆ ಕೆಲವೊಮ್ಮೆ ಹಳೆಯದು ಸಿಗುತ್ತದೆ. ಅವಳು ವರ್ಕ್‌ಶಾಪಿನಿಂದ ಸಲಕರಣೆ ತಂದಳು, ಅವನು ಹುಡುಕುವ ಪ್ರೋಗ್ರಾಂ ಬರೆದ. ಎಷ್ಟೋ ಸಂಜೆ ಅದರಲ್ಲೇ ಕಳೆಯಿತು. ಸಿಕ್ಕಿದ್ದು ಯಾವುದೋ ಅಡುಗೆಯ ವಿಡಿಯೊದ ತುಣುಕು, ಯಾರದೋ ಹುಟ್ಟುಹಬ್ಬದ ಶುಭಾಶಯ, ಆಸ್ಪತ್ರೆಯ ಗೋಡೆ ಗಡಿಯಾರದ ಅರ್ಧ ಚಿತ್ರ. ಮರಿ ಸಿಗಲಿಲ್ಲ.

ಕೊನೆಯ ಹುಡುಕಾಟವೂ ಬರಿಗೈಯಲ್ಲಿ ಮುಗಿದ ಸಂಜೆ ಅವಳು ಕೇಳಿದಳು: “ನಿಂಗೆ ನೆನಪಿದೆಯಾ, ಹೇಗಿತ್ತು?”

ಅವನು ಬೆರಳ ತುದಿಯಿಂದ ಮೇಜಿನ ಮೇಲೆ ಬಡಿದು ತೋರಿಸಿದ.

“ಇಲ್ಲ, ಇನ್ನೂ ಬೇಗ ಇತ್ತು.”

“ಇಷ್ಟೇ ಇತ್ತು. ನಾನೆಷ್ಟು ಸಲ ಕೇಳಿದ್ದೀನಿ.”

“ನಾನು ಕೇಳಿಲ್ವಾ? ಇನ್ನೂ ಬೇಗ.”

ಅವನು ಬೇಗ ಬಡಿದ. ಅವಳು ಅಲ್ಲವೆಂದು ತಲೆಯಾಡಿಸಿದಳು. ತಾನೇ ಬಡಿದು ನೋಡಿ, ಅದೂ ಅಲ್ಲ ಎನ್ನಿಸಿ ನಿಲ್ಲಿಸಿದಳು. ಯಾರು ಸರಿ ಎಂದು ನೋಡಿ ಹೇಳಲು ಈಗ ಎಲ್ಲೂ ಏನೂ ಇರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಅವನೆದುರು ಅತ್ತದ್ದು ಅವತ್ತೇ ಮೊದಲು.

ಮೇಷ್ಟ್ರು ಆ ಚರ್ಚೆಗೆ ಭಾನುವಾರವೇ ಬೀಗ ಹಾಕಿದ್ದರು. ಕೆಲವು ದಿನ ಬಿಟ್ಟು ಇಬ್ಬರಿಗೂ ಸೇರಿಸಿ ಒಂದೇ ಸಂದೇಶ ಕಳಿಸಿದರು: “ನನಗೆ ಅರ್ಥವಾಯಿತು ಮಕ್ಕಳೇ. ಏನು ಹೇಳಬೇಕೋ ತಿಳಿಯುತ್ತಿಲ್ಲ. ಆ ಪುಟ ತೆಗೆದುಬಿಡಲೇ? ಇಬ್ಬರೂ ಹೇಳಿದರೆ ಮಾತ್ರ ತೆಗೆಯುತ್ತೇನೆ.”

ಒಂದೇ ಪರದೆಯ ಮುಂದೆ ಇಬ್ಬರೂ ಕೂತು ಓದಿದರು. “ನೀನು ಹೇಳು,” ಎಂದ ಅವನು.

“ಇರಲಿ ಬಿಡು. ಅವಳು ಇದ್ದಳು ಅಂತ ನಾನು ಬರೆದಿರೋದು ಅದೊಂದೇ ಕಡೆ.” ಪರದೆಯಿಂದ ಕಣ್ಣು ತೆಗೆದು ಕೇಳಿದಳು: “ಎಲ್ಲಿ ಮಲಗಿಸಿದ್ರಿ ಅವಳನ್ನ?”

“ನೀನು ಕೇಳಲೇ ಇಲ್ಲ ಅಂತ…”

“ನೀನು ಹೇಳಲೂ ಇಲ್ಲ. ಕರ್ಕೊಂಡು ಹೋಗು.”

ಊರಾಚೆಯ ದೊಡ್ಡ ರಸ್ತೆಯಲ್ಲಿ, ಟೈರ್ ಅಂಗಡಿಗಳ ಸಾಲು ದಾಟಿದ ಮೇಲೆ ಆ ಸ್ಮಶಾನದ ಮೈದಾನ. ಹಿಂಬದಿಯ ಗೋಡೆಗೆ ಹತ್ತಿದ ಜಾಗವನ್ನು ಚಿಕ್ಕವರಿಗೆಂದು ಬಿಟ್ಟಿದ್ದರು. ನೀರಿನ ನಲ್ಲಿಯ ಪಕ್ಕ ಎಂದು ಅವನು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ಬಂದು ನೋಡಿದರೆ ಅಲ್ಲಿ ಎರಡು ನಲ್ಲಿಗಳಿದ್ದವು, ನೆಲವೆಲ್ಲ ಹುಲ್ಲು. ಅವನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಡೆದಾಡಿದ. ಒಂದು ಕಡೆ ನಿಂತು ಇಲ್ಲೇ ಎಂದ, ಮತ್ತೆ ಅಲ್ಲ ಎಂದ.

ಕಾವಲಿನ ಮುದುಕ ಗುದ್ದಲಿ ಹಿಡಿದು ಹತ್ತಿರ ಬಂದು, ಯಾವ ತಿಂಗಳು ಎಂದು ಕೇಳಿ ತಿಳಿದುಕೊಂಡ. “ಚಿಕ್ಕವರಿಗೆ ಗುರುತು ಇಡಲ್ಲ ಅಮ್ಮ. ನೀವು ಹೇಳೋ ತಿಂಗಳಲ್ಲಿ ಬಂದಿದ್ರೆ ಈ ಸಾಲಲ್ಲೇ ಎಲ್ಲೋ. ಎಲ್ಲಿ ಕೂತ್ರೂ ಆಯ್ತು.”

ಅವಳು ಆ ಸಾಲಿನ ಉದ್ದಕ್ಕೂ ನಿಧಾನವಾಗಿ ನಡೆದಳು. ಕೊನೆ ಮುಟ್ಟಿ ತಿರುಗಿ ಬಂದು, ನಡುವೆ ಒಂದು ಕಡೆ ಕೂತು ಅಂಗೈಯನ್ನು ನೆಲಕ್ಕೆ ಊರಿದಳು.

“ಗೊತ್ತಾಗ್ತಿಲ್ಲ ಕಣೇ,” ಎಂದ ಅವನು, ನಿಂತಲ್ಲಿಂದಲೇ. “ಅವತ್ತು ನನ್ನ ಕಣ್ಣಿಗೆ ಏನೂ ಕಾಣ್ತಿರಲಿಲ್ಲ.”

“ಬಾ, ಕೂತ್ಕೋ.”

ಮುದುಕ ಬಂದು ಗೇಟು ಹಾಕುತ್ತೇನೆ ಎನ್ನುವವರೆಗೂ ಕೂತಿದ್ದರು. ಬಸ್ಸಿನಲ್ಲಿ ಅವಳು ಅವನ ಭುಜಕ್ಕೆ ಒರಗಿ ಬಿಕ್ಕಿದಾಗ ಎದುರು ಸೀಟಿನ ಹೆಂಗಸೊಬ್ಬಳು ಏನೂ ಕೇಳದೆ ನೀರಿನ ಬಾಟಲಿ ಚಾಚಿದಳು. ಅವನು ಇಸಿದುಕೊಂಡು, ಮುಚ್ಚಳ ತಿರುಗಿಸಿ ತೆಗೆದು, ಅವಳ ಕೈಗೆ ಕೊಟ್ಟ.