ಬಾಗಿಲಿನ ಒಳಮೈ

"ಒಳಗಡೆ ಹಿಡಿ ಎಲ್ಲಪ್ಪಾ?" ಇನ್ನೂ ಗಾಡಿಗೆ ಕೂರಿಸದ ಬಾಗಿಲಿನ ತಗಡಿನ ಮೇಲೆ ಅಂಗೈ ಊರಿ ವಜೀರ್ ಪಾಷಾ ಕೇಳಿದ.

ಲೋಕೇಶ್ ಡ್ರಾಯಿಂಗನ್ನು ಬಾನೆಟ್ಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೊಣಕೈ ಊರಿದ. "ಇದ್ರಲ್ಲಿ ಒಳಗಡೆ ಹಿಡಿ ಇಲ್ಲ ವಜೀರಣ್ಣ. ಚಿಲ್ಕ ಆಚೆ ಕಡೆ ಮಾತ್ರ. ಇದ್ದಂಗೆ ಮಾಡ್ಬುಡಿ."

"ಕಿಟ್ಕಿನೂ ಇಲ್ಲ. ಕುರಿ ತುಂಬಕಾ?"

"ಸರಕು."

"ಸರಕು ಬೆಂಚಿನ್ ಮ್ಯಾಲೆ ಕುಂತ್ಕತದಾ ಸಾರ್?" ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ವೆಲ್ಡರ್ ಚಿಕ್ಕಸ್ವಾಮಿ ನಕ್ಕ. ಪಾಷಾ ನಗಲಿಲ್ಲ. ಗಾಡಿಯೊಳಗೆ ಬಗ್ಗಿ, ಬೆಂಚುಗಳ ನಡುವೆ ನೆಲಕ್ಕೆ ಬೆಸೆದ ಕೊಂಡಿಯಲ್ಲಿದ್ದ, ಸರಪಳಿ ಸಿಕ್ಕಿಸುವ ಕಬ್ಬಿಣದ ಬಳೆಯೊಂದನ್ನು ಎತ್ತಿ ಬಿಟ್ಟ. ಅದು ಠಣ್ ಎಂದಿತು.

ಕಿರಂಗೂರಿನ ರಸ್ತೆ ಬದಿಯ ಆ ಶೆಡ್ಡಿನಲ್ಲಿ ಪಾಷಾ ಕಬ್ಬಿನ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದ. ಪಾಂಡವಪುರದಲ್ಲಿ ಲೋಕೇಶನ ಅಪ್ಪ ತಮ್ಮಯ್ಯ ಕೊಂಡ ಲಾರಿಗೂ ಅವನೇ ಕಟ್ಟಿದ್ದು. ಈಗ ಲೋಕೇಶ್ ಬೆಂಗಳೂರಿನ ಕಂಪನಿಯೊಂದಕ್ಕೆ ಸಾಮಾನು ಖರೀದಿಸುವವನು. ಕಂಪನಿಗೆ ಆಫ್ರಿಕಾದ ಕಾಂಗೋದಲ್ಲಿ ತಾಮ್ರದ ಗಣಿ ಇತ್ತು. ಆ ದೇಶದಲ್ಲಿ ಯುದ್ಧ ನಡೆಯುತ್ತಿತ್ತು. ಗಣಿಗೆ ಬೇಕಾದ ಗಾಡಿಗಳನ್ನು ಪಾಷಾನ ಕೈಯಲ್ಲೇ ಕಟ್ಟಿಸೋಣ ಎಂದು ಹಟ ಹಿಡಿದು ಕೆಲಸ ತಂದವನು ಲೋಕೇಶ್. ಮೊದಲನೆಯದು ಒಪ್ಪಿಗೆಯಾದರೆ ಉಳಿದವೂ ಇಲ್ಲೇ. ಇಲ್ಲದಿದ್ದರೆ ತಮಿಳುನಾಡಿನ ನಾಮಕ್ಕಲ್‌ಗೆ ಹೋಗುತ್ತವೆ, ನಿನ್ನ ಕುರ್ಚಿಗೂ ಬೇರೆಯವರು ಬರುತ್ತಾರೆ ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದರು. ಗಾಡಿ ಇವತ್ತೇ ಹೊರಡಬೇಕಿತ್ತು.

"ಸುಳ್ಳೇಳ್ಬ್ಯಾಡ ಲೋಕಿ. ಯಾರು ಕುಂತ್ಕತಾರೆ ಇದ್ರಲ್ಲಿ?"

ಲೋಕೇಶ್ ರಸ್ತೆಯ ಕಡೆ ನೋಡಿದ. "ಅಲ್ಲಿ ಯುದ್ಧಕ್ಕೆ ಊರು ಬಿಟ್ಟೋರು ಗಣಿಗೆ ನುಗ್ಗಿ ಮಣ್ಣು ಕೆದಕ್ತಾರಂತೆ. ಕಂಪನಿ ಕಾವಲಿನೋರು ಅವರನ್ನ ಹಿಡಿದು ಸೈನ್ಯಕ್ಕೆ ಒಪ್ಪಿಸ್ತಾರೆ."

"ಆಮ್ಯಾಕೆ ಏನಾಯ್ತದೆ?"

"ಅದು ನಮ್ಮ ಕೆಲ್ಸ ಅಲ್ಲ ವಜೀರಣ್ಣ."

ಪಾಷಾ ಡ್ರಾಯಿಂಗಿನತ್ತ ಬಗ್ಗಿ ಗೆರೆಗಳ ಮೇಲೆ ಬೆರಳಾಡಿಸಿದ. ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಡಬಡಬ ಎನ್ನುತ್ತಿತ್ತು. ಕೊನೆಗೆ, "ಕೂರ್ಸುಲಾ ಚಿಕ್ಕಸ್ವಾಮಿ," ಎಂದ. "ಡ್ರಾಯಿಂಗಲ್ಲಿರಂಗೇ ಕೂರ್ಸು."

ಲೋಕೇಶನ ಹೆಗಲು ಸಡಿಲವಾಯಿತು. ಬಾಗಿಲು ಕೂತಿತು. ಒಳಮೈಯ ಬೆಸುಗೆಯನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದ ಚಿಕ್ಕಸ್ವಾಮಿಯನ್ನು ಲೋಕೇಶ್ ಬಾಯ್ತುಂಬ ಹೊಗಳಿದ. ಬೀಗದ ಕೈಗೆ ಕೈ ಚಾಚಿದಾಗ ಪಾಷಾ ಗಾಡಿಯ ಹಿಂಬದಿ ತೋರಿಸಿದ. "ಒಳಕ್ಕೆ ಅತ್ತು. ಸುತ್ತು ಆಗ್ಲಿಲ್ವಲ್ಲ."

ಆ ಶೆಡ್ಡಿನ ಪದ್ಧತಿ ಅದು. ಗಾಡಿ ಪಡೆಯುವವನು ಹಿಂದೆ, ಹೊರೆ ಕೂರುವ ಜಾಗದಲ್ಲೇ ಕೂತು ಪಾಂಡವಪುರ ಸ್ಟೇಷನ್ನಿನ ರೈಲ್ವೆ ಗೇಟಿನವರೆಗೆ ಹೋಗಿ ಬರಬೇಕು. ಪಾಷಾನೂ ಜೊತೆಗೆ ಕೂರುತ್ತಿದ್ದ. ಎಲ್ಲಿ ಸಡಿಲ, ಎಲ್ಲಿ ಒರಟು ಎಂದು ಆಗಲೇ ತಿಳಿಯುವುದು. ತಮ್ಮಯ್ಯ ಮನೆಮಂದಿಯನ್ನೆಲ್ಲ ಲಾರಿಯ ಹಲಗೆಯ ಮೇಲೆ ಕೂರಿಸಿಕೊಂಡು, ಕಡ್ಲೆಪುರಿ ತಿನ್ನುತ್ತ ಆ ಸುತ್ತು ಮುಗಿಸಿದ್ದ.

"ಈ ಬಿಸ್ಲಲ್ಲಾ ವಜೀರಣ್ಣ?" ಎಂದು ನಗುತ್ತಲೇ ಲೋಕೇಶ್ ಹತ್ತಿದ. ಪಾಷಾ ಎದುರಿನ ಬೆಂಚಿನಲ್ಲಿ ಕೂತ. ಗಾಡಿ ಓಡಿಸಲಿದ್ದ ಚಿಕ್ಕಸ್ವಾಮಿ ಬಾಗಿಲು ಮುಚ್ಚಿದ. ಹೊರಗೆ ಚಿಲಕ ಬಿದ್ದ ಸದ್ದು ಒಳಗಿನ ತಗಡಿಗೆಲ್ಲ ಹರಡಿತು.

ಕತ್ತಲೆ ಇಷ್ಟಿರುತ್ತದೆಂದು ಅವನು ಎಣಿಸಿರಲಿಲ್ಲ. ಹಿಡಿಯಲು ಏನೂ ಇರಲಿಲ್ಲ. ಗಾಡಿ ತಿರುಗಿದಾಗ ಜಾರಿ, ನೆಲದ ಬಳೆಗೆ ಕಾಲು ತಾಗಿ ಚರ್ಮ ಕಿತ್ತುಬಂತು. ಎದುರಿಗೆ ಪಾಷಾ ಇರುವುದು ಉಸಿರಿನಿಂದ ಮಾತ್ರ ಗೊತ್ತಾಗುತ್ತಿತ್ತು. ಸ್ವಲ್ಪ ದೂರ ಹೋಗಿ ಗಾಡಿ ನಿಂತಿತು. ಎಂಜಿನ್ನೂ ನಿಂತಿತು.

"ಯಾಕೆ ನಿಲ್ಸಿದ?"

"ಗೇಟ್ ಬಿದ್ದದೆ, ಅಷ್ಟೇಯ."

ತಗಡು ಕಾಯತೊಡಗಿತು. ಬೆವರು ಕಣ್ಣಿಗಿಳಿದು ಉರಿಯಿತು. "ಬಾಗ್ಲು ತೆಗಿಯಕ್ಕೆ ಹೇಳಿ ಅವನಿಗೆ."

"ಎಂಗೇಳ್ಲಪ್ಪಾ?"

ಲೋಕೇಶ್ ಎದ್ದ. ಬಾಗಿಲನ್ನು ಮೇಲಿನಿಂದ ಕೆಳಗೆ, ಈ ಅಂಚಿನಿಂದ ಆ ಅಂಚಿಗೆ ಸವರಿದ. ಬೆರಳಿಗೆ ಎಲ್ಲೂ ಏನೂ ತಡೆಯಲಿಲ್ಲ. ಮುಷ್ಟಿಯಿಂದ ಬಡಿದ. "ಚಿಕ್ಕಸ್ವಾಮೀ!"

ಹೊರಗೆ ಸೌತೆಕಾಯಿ ಮಾರುವವಳ ಕೂಗು ನಿಂತಿತು. "ಇದ್ರಲ್ಲಿ ಏನೋ ಒದ್ಕತಾ ಅದೆ ಕಣಕ್ಕಾ," ಎಂದಳು.

"ಎಮ್ಮೆ ತುಂಬವ್ರೇನೋ, ಬುಡು," ಎಂದಿತು ಇನ್ನೊಂದು ದನಿ. ಇಬ್ಬರೂ ನಕ್ಕರು.

ಅವನು ಕಾಲಿನಿಂದಲೂ ಒದ್ದ. ಅಷ್ಟರಲ್ಲಿ ರೈಲು ಬಂತು. ಕೂಗಿದ್ದು ಅವನ ಕಿವಿಗೇ ಕೇಳಲಿಲ್ಲ. ರೈಲು ಹೋದ ಮೇಲೆ ಅವನು ಬಡಿಯಲಿಲ್ಲ. ಬಾಗಿಲಿಗೆ ಹಣೆ ಆನಿಸಿ ನಿಂತ. ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ಪಾಷಾ ಕೇಳಿದ್ದ ಒಂದೇ ಮಾತು ಇತ್ತು: ಆಮೇಲೆ?

ಶೆಡ್ಡಿನಲ್ಲಿ ಬಾಗಿಲು ತೆರೆದಾಗ ಚಿಕ್ಕಸ್ವಾಮಿ ಅವನ ಮುಖ ನೋಡಿ, "ಗೇಟ್ ತಾವ ಬೀಡಿ ತರಕ್ಕೆ ಇಳ್ದಿದ್ದೆ ಸಾರ್, ಕೇಳ್ನಿಲ್ಲ," ಎಂದು ತೊದಲಿದ. ಪಾಷಾ ಹೂಜಿಯಿಂದ ನೀರು ಬಗ್ಗಿಸಿ ಮೊದಲು ಲೋಕೇಶನಿಗೆ ಕೊಟ್ಟ. ಆಮೇಲೆ ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟ.

"ನಂಗೂ ಈ ಕೆಲ್ಸ ಬೇಕು ಕಣಪ್ಪ. ಐದಾರು ಮನೆ ನಡೀಬೇಕು ಈ ಶೆಡ್ಡಲ್ಲಿ. ತಗಂಡೋದ್ರೆ ತಡಿಯಕಿಲ್ಲ. ನೀನೇ ಯೋಳು."

ಲೋಕೇಶ್ ಬೀಗದ ಕೈ ಮುಟ್ಟಲಿಲ್ಲ. ರಸ್ತೆ ದಾಟಿ, ಖೈರುನ್ನೀಸಾ ನಡೆಸುತ್ತಿದ್ದ ಎಸ್‌ಟಿಡಿ ಬೂತಿಗೆ ಹೋಗಿ ಬೆಂಗಳೂರಿನ ನಂಬರು ತಿರುಗಿಸಿದ. ಅವಳು ಅವನ ಒದ್ದೆ ಅಂಗಿ ನೋಡಿ ಫ್ಯಾನನ್ನು ಅವನತ್ತ ತಿರುಗಿಸಿದಳು.

"ಹೊರಟ್ಯಾ?" ಮ್ಯಾನೇಜರ್ ಕೇಳಿದರು.

"ಇಲ್ಲ ಸಾರ್. ಗಾಡಿ ತರ್ತಾ ಇಲ್ಲ. ಕಿಟಕಿ ಇರಬೇಕು, ಒಳಗೂ ಹಿಡಿ ಇರಬೇಕು, ಆ ಬಳೆಗಳನ್ನ ಕೀಳಿಸಬೇಕು. ಹಾಗಾದರೆ ಮಾತ್ರ ನಾನು ಪಡೀತೀನಿ."

"ಯಾರು ಹೇಳಿದ್ದು ಹಾಗಂತ?"

"ಯಾರೂ ಹೇಳಿಲ್ಲ. ನಾನೇ." ಅವನು ರಸ್ತೆಯಾಚೆ ನಿಂತ ಗಾಡಿಯತ್ತ ನೋಡಿದ. "ಸಾರ್, ಅದರಲ್ಲಿ ಕರ್ಕೊಂಡು ಹೋದವರು ವಾಪಸ್ಸು ಬರ್ತಾರಾ?"

ಫೋನು ಕಟ್ಟಾಗಿರಲಿಲ್ಲ. ದೂರದಲ್ಲೆಲ್ಲೋ ಟೈಪ್‌ರೈಟರಿನ ಸದ್ದು, ಯಾರೋ ಕಾಫಿ ಕೇಳಿದ್ದು ಸಣ್ಣಗೆ ಕೇಳಿಸುತ್ತಿತ್ತು. ಲೋಕೇಶ್ ರಿಸೀವರನ್ನು ಇನ್ನಷ್ಟು ಒತ್ತಿ ಹಿಡಿದ. ಅವನ ತಲೆಯ ಮೇಲೆ, ಕರೆಯ ದರ ತೋರಿಸುವ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಲೇ ಇದ್ದವು.