ಇದೆಮಾಡಿತು

ಉಡುಪಿಯ ನಿಲ್ದಾಣದಲ್ಲಿ ಕಾಪುವಿನ ಬಸ್ಸು ಜನರನ್ನು ತುಂಬಿಕೊಳ್ಳುತ್ತಿತ್ತು. ಕಿಟಕಿಯ ಬದಿಯ ಸೀಟು ಸಿಕ್ಕಿದ್ದೇ ಆ ದಿನದ ಭಾಗ್ಯವೆಂದು ಕುಳಿತ ಶರೋನ್, ಮೊಬೈಲಿನಲ್ಲಿ ತನ್ನದೇ ಕಾದಂಬರಿಯನ್ನು ಓದುತ್ತಿದ್ದಳು. ಬೆಂಗಳೂರಿನ ಪ್ರಕಾಶನ ಸಂಸ್ಥೆಯವರು ತಿದ್ದಿ ಕಳುಹಿಸಿದ್ದ ಪ್ರತಿ ಅದು. ಒಂದು ವಾಕ್ಯದ ಬಳಿ ಅವಳ ಬೆರಳು ನಿಂತಿತು.

‘ಆ ಮೌನ ಅವಳಲ್ಲಿ ಭಯವನ್ನು ಇದೆಮಾಡಿತು.’

ಅವಳು ಬರೆದದ್ದು ‘ಉಂಟುಮಾಡಿತು’ ಎಂದು. ಏನಾಗಿದೆಯೆಂಬುದು ಕ್ಷಣದಲ್ಲಿ ಹೊಳೆಯಿತು. ‘ಉಂಟು’ ಇರುವಲ್ಲೆಲ್ಲ ‘ಇದೆ’ ಹಾಕಬೇಕೆಂದು ಯಾರೋ ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟಿದ್ದರು. ಅದು ಪದಗಳ ಹೊಟ್ಟೆಯನ್ನೂ ಬಗೆದಿತ್ತು. ‘ಎಂತ’ ಹೋಗಿ ‘ಏನು’ ಬಂದ ರಭಸದಲ್ಲಿ ‘ಎಂತಹ ಸೆಕೆ’ಯು ‘ಏನುಹ ಸೆಕೆ’ಯಾಗಿತ್ತು.

ನಗಬಹುದಿತ್ತು. ಆದರೆ ಮಣಿಪಾಲದ ಪ್ರಯೋಗಾಲಯದಲ್ಲಿ ಬೆಳಗಿನಿಂದ ನಿಂತೇ ದುಡಿದವಳಿಗೆ ನಗುವಷ್ಟು ತ್ರಾಣ ಉಳಿದಿರಲಿಲ್ಲ. ವರ್ಷಗಟ್ಟಲೆ ಭಾನುವಾರಗಳನ್ನು ತಿಂದ ಕಾದಂಬರಿ ಅದು. ಕಳುಹಿಸಿದ ಪ್ರಕಾಶಕರಲ್ಲಿ ಕೆಲವರು ಉತ್ತರಿಸಲಿಲ್ಲ, ಕೆಲವರು ಉತ್ತರಿಸಿ ಮರೆತರು. ‘ಆಗಬಹುದು’ ಎಂದವರು ಇವರೊಬ್ಬರೇ. ಸೋಮವಾರದೊಳಗೆ ಅವಳ ಒಪ್ಪಿಗೆ ತಲುಪಬೇಕಿತ್ತು.

ಅವಳು ಸಂಪಾದಕರಿಗೆ ಫೋನು ಮಾಡಿದಳು.

“ಅಯ್ಯೋ, ಅದೊಂದೆರಡು ತಪ್ಪು ಸರಿಮಾಡ್ತೀವಿ ಬಿಡಿ ಮೇಡಂ,” ಎಂದರು ಅವರು, ಸೌಜನ್ಯದಿಂದಲೇ.

“ಅಷ್ಟೇ ಅಲ್ಲ ಸರ್. ಪಾತ್ರಗಳ ಮಾತಿನಲ್ಲಿ ‘ಉಂಟು’ ಹಾಗೆಯೇ ಇರಬೇಕು. ನಮ್ಮ ಊರಿನಲ್ಲಿ ಹಾಗೆಯೇ ಮಾತನಾಡುವುದು.”

“ಊರಲ್ಲಿ ಮಾತಾಡ್ಲಿ ಮೇಡಂ, ಬೇಡ ಅಂದೋರು ಯಾರು? ಓದೋರು ರಾಜ್ಯದ ತುಂಬ ಇದ್ದಾರಲ್ಲ. ಬೇಜಾರು ಮಾಡ್ಕೋಬೇಡಿ, ನಿಮ್ಮ ಮನೆಮಾತು ಕೊಂಕಣಿ ಅಲ್ವಾ? ಅದರ ವಾಸನೆ ಸ್ವಲ್ಪ ಬಂದ್ಬಿಟ್ಟಿದೆ.”

‘ಉಂಟು’ ಕೊಂಕಣಿಯಲ್ಲ, ತಲೆತಲಾಂತರದ ಕನ್ನಡ ಎಂದು ಹೇಳಬೇಕೆನಿಸಿತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು; ಕನ್ನಡವನ್ನು ಮಾತ್ರ ಅವಳು ತಾನಾಗಿ ಆರಿಸಿಕೊಂಡಿದ್ದಳು. ಆದರೆ ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು.

“ಸೋಮವಾರ ತಿಳಿಸುತ್ತೇನೆ ಸರ್,” ಎಂದಳು.

ಶನಿವಾರ ಅವಳು ಕಾರ್ಕಳಕ್ಕೆ ಹೋದಳು. ಅಲ್ಲಿ ಅಣ್ಣು ಎಂಬವರದೊಂದು ಮುದ್ರಣಾಲಯವಿತ್ತು. ಮದುವೆಯ ಕಾಗದ, ಭೂತದ ನೇಮದ ಕರೆಯೋಲೆ, ಅಪರೂಪಕ್ಕೊಂದು ಪುಸ್ತಕ. ಅವರು ಕನ್ನಡಕವನ್ನು ಹಣೆಗೇರಿಸಿ ಅವಳ ಮಾತೆಲ್ಲ ಕೇಳಿಸಿಕೊಂಡರು.

“ನಿಮ್ಮ ಅಕ್ಷರ ನಾನು ಮುಟ್ಟುವುದಿಲ್ಲ. ತಪ್ಪಿದ್ದರೂ ಮುಟ್ಟುವುದಿಲ್ಲ. ಒಮ್ಮೆ ತಿದ್ದಲು ಹೋಗಿ ಮದುಮಗನ ಜಾಗದಲ್ಲಿ ಅವನ ತಮ್ಮನ ಹೆಸರು ಕೂತಿತ್ತು.”

“ಮತ್ತೆ ಮಾರಾಟ?”

“ಅದೊಂದು ನನ್ನಿಂದ ಆಗಲಿಕ್ಕಿಲ್ಲ ಮಾರಾಯ್ರೆ. ಕಳೆದ ವರ್ಷ ಒಬ್ಬರು ಮಾಷ್ಟ್ರು ಕವನದ ಪುಸ್ತಕ ಮಾಡಿಸಿದರು. ಬಿಡುಗಡೆಗೆ ಭಾಷಣ ಉಂಟು, ಊಟ ಉಂಟು, ಶಾಲು ಉಂಟು. ಈಗ ಅವರು ಮಲಗುವುದೇ ಆ ಪುಸ್ತಕದ ಮೇಲೆ.”

“ಎಂತ?”

“ಕಟ್ಟುಗಳೆಲ್ಲ ಮಂಚದ ಅಡಿಯಲ್ಲಿ! ನಿಮ್ಮಲ್ಲಿ ಅಷ್ಟು ಜಾಗ ಉಂಟಾ, ಮೊದಲು ಅದನ್ನು ನೋಡಿಕೊಳ್ಳಿ.”

ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಶರೋನ್ ಬೆಂಗಳೂರಿನ ಪ್ರತಿಯಿಂದ ಅಚ್ಚು ತೆಗೆದ ಕೆಲವು ಹಾಳೆಗಳನ್ನು ತಾಯಿ ಇಮೆಲ್ಡಾರ ಕೈಗಿತ್ತಳು. ಬೆಂಗಳೂರಿನವರು ಏನನ್ನು ತಿದ್ದಿದ್ದಾರೆಂದು ವಿವರಿಸಲಿಲ್ಲ, ಪರೀಕ್ಷೆಗೆ ಒಳಗಾಗುವವರಿಗೆ ಪರೀಕ್ಷೆಯ ಸುಳಿವು ಇರಬಾರದೆಂಬುದು ಅವಳ ವೃತ್ತಿ ಕಲಿಸಿದ ಶಿಸ್ತು. ಇಮೆಲ್ಡಾ ಏನನ್ನು ಓದಿದರೂ ಗಟ್ಟಿಯಾಗಿಯೇ ಓದುವವರು. ಕನ್ನಡ ಪುಸ್ತಕ ಕೈಯಲ್ಲಿದ್ದಷ್ಟು ಹೊತ್ತು ಕನ್ನಡದಲ್ಲಿಯೇ ಮಾತನಾಡುವುದು ಅವರ ಪದ್ಧತಿ.

ಹಾಳೆಯಲ್ಲಿದ್ದದ್ದು, ‘ಗಂಜಿ ಇದೆ, ಉಪ್ಪಿನಕಾಯಿ ಇದೆ, ಇನ್ನೇನು ಬೇಕು?’

ಇಮೆಲ್ಡಾ ಓದಿದರು: “ಗಂಜಿ ಉಂಟು, ಉಪ್ಪಿನಕಾಯಿ ಉಂಟು, ಇನ್ನೆಂತ ಬೇಕು?”

ಎಲ್ಲಿಯೂ ತಡವರಿಸಲಿಲ್ಲ, ಬದಲಾಯಿಸಿದ ಅರಿವೂ ಇರಲಿಲ್ಲ. ಕಣ್ಣು ಒಂದನ್ನು ಕಂಡಿತು, ನಾಲಿಗೆ ತನ್ನದನ್ನು ಆಡಿತು. ಮುಂದಿನ ಹಾಳೆಯಲ್ಲಿ ಮಾತ್ರ ಅವರು ನಿಂತುಬಿಟ್ಟರು.

“ಇದೆಂತ ಮಗಾ, ‘ಇದೆಮಾಡಿತು’? ಕನ್ನಡ ಬಾರದ್ದು ನಿನಗಾ, ಅವರಿಗಾ?”

“ನನಗೆ ಅಂತ ಅವರು ಹೇಳುವುದು, ಮಮ್ಮಿ.”

“ಹೇಳಲಿ, ಹೇಳಲಿ. ಬಾಯಿ ಅವರದ್ದು,” ಎಂದು ಇಮೆಲ್ಡಾ ಹಾಳೆಗಳನ್ನು ಮಡಚಿ ಒಲೆಯ ಮೇಲಿನ ಮೀನಿನ ಪದಾರ್ಥ ನೋಡಲು ಎದ್ದರು.

ಶರೋನ್ ಅಲ್ಲಿಯೇ ಕುಳಿತಳು. ಪರೀಕ್ಷೆಯ ಫಲಿತಾಂಶ ಅವಳು ಬಯಸಿದ್ದಕ್ಕಿಂತ ಕಠಿಣವಾಗಿತ್ತು. ತನ್ನ ಊರಾದ ಕಾಪುವಿನ ಓದುಗರಿಗೆ ಅವಳ ‘ಉಂಟು’ ಬೇಕಾಗಿಯೇ ಇಲ್ಲ. ಅದು ಅವರ ನಾಲಿಗೆಯ ಮೇಲೆಯೇ ಇದೆ. ಬೇಕಾದದ್ದು ಅದನ್ನು ಎಂದೂ ಕೇಳದ ದೂರದವರಿಗೆ. ಆ ದೂರವನ್ನು ಮುಟ್ಟಬಲ್ಲವರು ಬೆಂಗಳೂರಿನವರು. ಅವರು ಆ ಪದವನ್ನೇ ಕಿತ್ತು ಕಳುಹಿಸುತ್ತಾರೆ. ಪದವನ್ನು ಉಳಿಸುವ ಕಾರ್ಕಳದ ಯಂತ್ರಕ್ಕೆ ದೂರ ಹೋಗುವ ಕಾಲಿಲ್ಲ.

ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಸಂಪಾದಕರಿಗೆ ಬರೆದಳು. ನಿರೂಪಣೆಯಲ್ಲಿ ಏನನ್ನು ಬೇಕಾದರೂ ತಿದ್ದಬಹುದು, ಪಾತ್ರಗಳ ಮಾತನ್ನು ಮಾತ್ರ ಮುಟ್ಟಬಾರದು. ಇದು ಸಾಧ್ಯವಿಲ್ಲದಿದ್ದರೆ ಕಾದಂಬರಿಯನ್ನು ಹಿಂದಕ್ಕೆ ಪಡೆಯುತ್ತೇನೆ. ಕಳುಹಿಸುವ ಮೊದಲು ಎರಡು ಬಾರಿ ಓದಿ, ಕಾಗುಣಿತ ನೋಡಿದಳು.

ಮನೆ ಸೇರುವ ಹೊತ್ತಿಗೆ ಉತ್ತರ ಬಂದಿತ್ತು. ‘ಹಾಗಾದರೆ ಸದ್ಯಕ್ಕೆ ಬೇಡ ಮೇಡಂ. ಮುಂದೆ ಬೇರೆ ಏನಾದರೂ ಬರೆದಾಗ ನೋಡೋಣ. ಶುಭವಾಗಲಿ.’

ಅಳು ಬರಲಿಲ್ಲ. ಒಂದು ಹೊರೆಯನ್ನು ಇಳಿಸಿ, ಸೊಂಟ ನೆಟ್ಟಗೆ ಮಾಡುವ ಮೊದಲೇ ಇನ್ನೊಂದನ್ನು ಎತ್ತಿಕೊಂಡಂತಾಯಿತು. ಇನ್ನು ಕರಡು ತಿದ್ದುವವಳು ತಾನೇ, ಕಟ್ಟು ಕಟ್ಟುವವಳೂ ತಾನೇ. ದೂರದ ಊರುಗಳ ಒಬ್ಬೊಬ್ಬ ಓದುಗನ ವಿಳಾಸ ಹುಡುಕಿ, ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವವಳೂ ತಾನೇ.

ತಾಯಿಗೆ ವಿಷಯ ತಿಳಿಸಿ, ಅವಳು ಮಂಚದ ತುದಿಯಲ್ಲಿ ಕುಳಿತು ಅಣ್ಣುವಿಗೆ ಫೋನು ಮಾಡಿದಳು.

“ಮಾಡಿಸುವುದು ಅಂತ ಆಯಿತಾ?” ಎಂದರು ಅಣ್ಣು. “ನಾನು ಹೇಳಿದ್ದು ನೆನಪುಂಟಲ್ಲ? ಜಾಗ ನೋಡಿದಿರಾ?”

ಶರೋನ್ ಬಗ್ಗಿ ನೋಡಿದಳು. ಇಮೆಲ್ಡಾ ಮಂಚದ ಅಡಿಯ ಹಳೆಯ ಟ್ರಂಕನ್ನು ಹೊರಕ್ಕೆ ಎಳೆಯುತ್ತಿದ್ದರು. ಟ್ರಂಕು ಇದ್ದಲ್ಲಿ ಧೂಳಿನ ನಡುವೆ ಚೌಕಾಕಾರದ ಖಾಲಿ ನೆಲ ಕಂಡಿತು.

“ಉಂಟು,” ಎಂದಳು.