ಮುಳುಗಿದ ಗದ್ದೆಯ ಫೋಟೋ

“ನೀವು ಸರ್ವೆ ನಂಬರಿನ ಗಡಿಯ ಹೊರಗಿದ್ದೀರಿ” ಎಂದು ಮೊಬೈಲು ಮೂರನೆಯ ಸಲ ತೋರಿಸಿದಾಗ ದೀಕ್ಷಾ ಕಟ್ಟೆಯ ಅಂಚಿಗೆ ಇನ್ನೊಂದು ಹೆಜ್ಜೆ ಸರಿದಳು. ಅದರಾಚೆಗೆ ಸರಿಯಲು ನೆಲವೇ ಇರಲಿಲ್ಲ. ಆರು ದಿನ ಬಿಡದೆ ಹೊಡೆದ ಮಳೆಗೆ ಗಜನಿಯ, ಹೊಳೆಯಂಚಿನ ಆ ಉಪ್ಪು ಗದ್ದೆಬಯಲಿನ, ನಲವತ್ತು ಎಕರೆಯೂ ಕೆಂಪು ನೀರಾಗಿ ಹೆದ್ದಾರಿಯ ಸೇತುವೆಯವರೆಗೂ ಹರಡಿಕೊಂಡಿತ್ತು. ಎಲ್ಲಿ ಯಾರ ಬದು, ಎಲ್ಲಿ ಯಾರ ಗದ್ದೆ, ದೇವರೇ ಬಲ್ಲ.

“ಹೊನ್ನಕ್ಕಾ, ನಿಮ್ ಗದ್ದೆ ಅಲ್ಲೆಲ್ಲೋ ಮಧ್ಯದಲ್ಲಿ ಅದೆ. ಗದ್ದೆ ಒಳ್ಗೆ ನಿಂತ್ರೆ ಮಾತ್ರ ಇದು ಫೋಟೋ ತಕಂತದೆ. ನಾ ಹ್ಯಾಂಗೆ ಹೋಗೂದು?”

“ನಾ ದಿನಾ ಹೋತೆ ಅಲ್ಲಾ? ಹಾಂಗೇ ಹೋಗೂದು,” ಎಂದಳು ಹೊನ್ನು. ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿಕೊಂಡು ಅವಳು ಬೆಳಗಿನಿಂದಲೇ ತಯಾರಾಗಿ ನಿಂತಿದ್ದಳು.

ದೀಕ್ಷಾ ಬೆಳೆ ಸಮೀಕ್ಷೆಗೆಂದು ಈ ಹಂಗಾಮಿಗೆ ನೇಮಕವಾದವಳು. ಅಂಕೋಲೆಯ ಕಡಲದಂಡೆಯ ಮೀನುಗಾರರ ಮನೆಯ ಹುಡುಗಿ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆಯೆಂದು ಫೋಟೋ ಸಮೇತ ದಾಖಲಿಸುವುದು ಅವಳ ಕೆಲಸ. ಅದಕ್ಕೆ ಇಂದೇ ಕಡೆಯ ದಿನ. ಸಂಜೆ ಐದಾದರೆ ಆ್ಯಪ್ ಬಾಯಿ ಮುಚ್ಚಿಕೊಳ್ಳುತ್ತದೆ.

“ಹೋದ್ರೂ ಎಂತಾ ಕಾಣ್ತದೆ? ಬರೀ ನೀರು. ಒಳ್ಗೆ ಹೋಗೂಕೆ ಆಗ್ಲಿಲ್ಲಾ ಅಂತ ಹಾಕಿಬಿಡ್ತೆ. ಪಹಣೀಲಿ ಹೋದ ವರ್ಷ ಎಂತಾ ಇತ್ತೋ ಅದೇ ಇರ್ತದೆ.”

“ಅದೇ ಇರೂಕೆ ಆಗೂದಿಲ್ಲ,” ಎಂದಳು ಹೊನ್ನು. “ನೀರಿನ ಅಡಿಗೆ ಕಗ್ಗ ಅದೆ. ಕಗ್ಗ ಎಂಟು ದಿನ ಮುಳುಗಿದ್ರೂ ಸಾಯೂದಿಲ್ಲ. ಇಂದಿಗೆ ಆರೇ ದಿನ.”

ಕಗ್ಗ ಈ ಉಪ್ಪು ಕೆಸರಿಗೆಂದೇ ಹುಟ್ಟಿದ ಭತ್ತ. ಮಳೆ ಬಂದು ನೆಲದ ಉಪ್ಪನ್ನು ತೊಳೆದ ಮೇಲೆ, ನೀರನ್ನು ನಾಲಿಗೆಗೆ ತಾಗಿಸಿ ನೋಡಿ, ಸಪ್ಪೆ ಅನ್ನಿಸಿದ ದಿನ ಮೊಳಕೆ ಬೀಜ ಎರಚಬೇಕು. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಹೊಳೆಯ ಉಪ್ಪುನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಸಾರು. ಅಜ್ಜ ಮುತ್ತಜ್ಜರಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಕಾಗದಕ್ಕೆ ಮಾತ್ರ ಒಂದು ಗದ್ದೆಗೆ ಒಂದೇ ಹೆಸರು ಬೇಕು.

ಎರಡು ವರ್ಷದ ಹಿಂದೆ ಕಟ್ಟೆ ಒಡೆದು ಯಾರೂ ಬಿತ್ತಲಿಲ್ಲ. ಪಹಣಿಯಲ್ಲಿ ಪಾಳು ಎಂದು ಬಂತು. ಅದು ಸರಿಯೇ. ಹೋದ ವರ್ಷ ಹೊನ್ನು ಬಿತ್ತಿ ಕೊಯ್ದಳು. ಆದರೆ ವಿಚಾರಿಸುವವರ ಫೋನು ಬಂದದ್ದು ಮಾಘದಲ್ಲಿ, ಎತ್ತಿದವನು ಅವಳ ಗಂಡ ಬೀರು. ಕಾರವಾರದ ಶಾಲೆಯೊಂದರಲ್ಲಿ ಜವಾನನಾಗಿರುವ ಆ ಮಹಾಶಯ “ಗದ್ದೆಯಲ್ಲಿ ಏನಿದೆ?” ಎಂದು ಕೇಳಿದ್ದಕ್ಕೆ “ಈಗ ಸಿಗಡಿ” ಎಂದ. ಸುಳ್ಳೇನಲ್ಲ. ಆ ದಿನ ಹೋಗಿ ನೋಡಿದ್ದರೆ ಸಿಗಡಿಯೇ ಇತ್ತು. ಪಹಣಿಯಲ್ಲಿ ಮೀನು ಹೊಂಡ ಎಂದು ಬಿತ್ತು. ಹೊನ್ನು ಅವನನ್ನು ಬಾಯಿಗೆ ಬಂದಂತೆ ಬೈದಳು. ಬೈಯುವಾಗ ಅವಳ ಕಣ್ಣ ಮುಂದೆ ಇದ್ದವನು ಬೀರು ಅಲ್ಲ, ತವರೂರು ತೋಡೂರಿನ ಅಪ್ಪ. ತೋಡೂರಿನ ಜಮೀನು ಸರ್ಕಾರಕ್ಕೆ ಹೋಗುವ ಕಾಲಕ್ಕೆ ಅಪ್ಪನ ಒಳ್ಳೆಯ ಗದ್ದೆಯೊಂದು ಕಾಗದದಲ್ಲಿ ಹುಲ್ಲಿನ ಜಾಗವಾಗಿತ್ತು. ಬರೆಸಿದವನು ಅಪ್ಪನೇ. ಒಂದು ವರ್ಷ ಎತ್ತುಗಳಿಗೆಂದು ಬಿಟ್ಟಿದ್ದ ಗದ್ದೆ. ಕೇಳಿದವರಿಗೆ “ಈ ವರ್ಷ ಹುಲ್ಲು” ಎಂದಿದ್ದ. ‘ಈ ವರ್ಷ’ ಎಂಬುದು ಕಾಗದದ ಮೇಲೆ ಉಳಿಯಲಿಲ್ಲ, ಹುಲ್ಲು ಉಳಿಯಿತು. ಪರಿಹಾರವೂ ಹುಲ್ಲಿನ ಲೆಕ್ಕದಲ್ಲೇ ಬಂತು. ಅಪ್ಪ ಸಾಯುವವರೆಗೂ ಅದನ್ನೇ ಹೇಳಿಕೊಂಡಿದ್ದ.

ಈಗ ಗಜನಿಯ ಸರದಿ. ಹೊರಗಿನವರೊಬ್ಬರು ಇಡೀ ಗಜನಿಯನ್ನು ಹತ್ತು ವರ್ಷಕ್ಕೆ ಸಿಗಡಿ ಕೆರೆಗೆಂದು ಕೇಳಿದ್ದರು. ಭತ್ತದ ಭೂಮಿಯಾದರೆ ಆಗುವುದಿಲ್ಲ. ಮೂರು ವರ್ಷ ಬೆಳೆ ಇಲ್ಲವೆಂದು ಪಹಣಿ ಹೇಳಿದರೆ ಅರ್ಜಿ ಹಾಕಬಹುದು ಎಂಬುದು ಊರಿನಲ್ಲಿ ಹಬ್ಬಿದ ಮಾತು. ಎರಡು ವರ್ಷ ಹೇಳಿಯಾಗಿತ್ತು. ಈ ವರ್ಷ ಬಿತ್ತಿದವಳು ಹೊನ್ನು ಒಬ್ಬಳೇ, ಒಂದೂವರೆ ಎಕರೆ. ಬೀಜ ಎರಚಿದ ದಿನ ಗಾಳಿ ಎದ್ದು, ಸವೆದ ಬದುಗಳ ಮೇಲಿಂದ ಎಷ್ಟೋ ಬೀಜ ಎತ್ತಲೋ ತೇಲಿಹೋಗಿತ್ತು. ಒಬ್ಬಳೇ ಬಿತ್ತುವವಳ ಗ್ರಹಚಾರ ಎಂದುಕೊಂಡು ಉಳಿದದ್ದನ್ನು ಕಾದಿದ್ದಳು.

ಕಟ್ಟೆಯ ಮೇಲೆ ಕೊಡೆ ಹಿಡಿದು ಗಣೇಶ ಬರುವುದು ಕಾಣಿಸಿತು. ಗಣೇಶ ಬೀರುವಿನ ಚಿಕ್ಕಪ್ಪನ ಮಗ, ಗಜನಿ ಕಮಿಟಿಯ ಮುಖ್ಯಸ್ಥ. ತೂಬಿನ ಬೀಗದಕೈ ಅವನ ಉಡಿದಾರದಲ್ಲೇ ಇರುತ್ತದೆ. ಸಿಗಡಿಯವರನ್ನು ಊರಿಗೆ ಕರೆತಂದವನೂ ಅವನೇ.

“ಅತ್ಗೆ, ಮಳೇಲಿ ಆ ಹುಡ್ಗೀನ ಎಂತಕೆ ಕಾಡ್ತಿ?”

“ನೀ ಬಂದದ್ದು ಗನಾ ಆಯ್ತು,” ಎಂದಳು ಹೊನ್ನು. “ಮೂರಕ್ಕೆ ಸುಕ್ತಿ. ಸಮುದ್ರದ ಸಂಗ್ತಿಗೆ ಹೊಳೆನೂ ಇಳೀತದೆ. ಎರಡು ಹಲಗೆ ಎತ್ತು. ಒಂದು ಗೇಣು ನೀರು ಹೋದ್ರೆ ಕಗ್ಗದ ತುದಿ ಕಾಣ್ತದೆ.”

“ಸೋಮವಾರ ಎಲ್ಲಾರೂ ಕೂತ್ಕಂಡು ಮಾತಾಡೂದು ಅಂತ ಆಗದೆ. ಅಲ್ಲೀವರೆಗೆ ಹಲಗೆ ಮುಟ್ಟೂಕೆ ಇಲ್ಲ.”

“ನೀರಿಗೆ ಬಿತ್ತಿದವರದೇ ಮಾತು ಅಂತ ಹೇಳ್ತಿದ್ದವ ಯಾರು? ನಿನ್ ಅಪ್ಪ. ಒಬ್ಬ ಬಿತ್ತಿದ್ರೂ ಗಜನಿ ಬಿತ್ತಿದ ಹಾಂಗೆ, ಕೊಯ್ಯೂವರೆಗೆ ನೀರು ಅವ ಹೇಳಿದ ಹಾಂಗೆ.”

“ಬಿತ್ತಿದ್ರೆ ಹೌದು. ಎಲ್ಲದೆ? ತೋರ್ಸು.”

ಹಾಗೆಂದವನು ಅವಳ ಮುಖ ನೋಡಲಿಲ್ಲ. ಅವಳು ಬೀಜದ ಬುಟ್ಟಿ ಹೊತ್ತು ಇದೇ ಕಟ್ಟೆಯ ಮೇಲೆ ಹೋಗಿದ್ದನ್ನು ಅವನು ಕಂಡಿದ್ದ. ಗಣೇಶ ಕೆಟ್ಟವನಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂಥ ನಲವತ್ತು ಮನೆಗಳನ್ನು ಕಟ್ಟಿಕೊಂಡು ಸಾಕಾಗಿದ್ದವನು, ಅಷ್ಟೇ.

“ನಂಗೆ ಭತ್ತ ಬೇಡಾ ಅಂತ್ಯಾ?” ಅವನ ದನಿ ಏರಿತು. “ಬಿತ್ತೂಕೆ ಜನ ಇಲ್ಲ, ಕೊಯ್ಯೂಕೆ ಜನ ಇಲ್ಲ. ಕಟ್ಟೆ ಒಡ್ದ ವರ್ಷ ಮಣ್ಣು ಹೊತ್ತವ ನಾ ಒಬ್ನೇ. ನಿಮ್ಮನೆಯಿಂದ ಯಾರ್ ಬಂದಿದ್ರು?”

ಯಾರೂ ಹೋಗಿರಲಿಲ್ಲ. ಹೊನ್ನುವಿಗೆ ನಾಚಿಕೆಯಾಯಿತು. ಗಣೇಶ ದೀಕ್ಷಾಳ ಕಡೆ ತಿರುಗಿದ. “ಇದೇ ನೋಡು, ಕಟ್ಟೆಗೆ ತಾಗಿದ್ದು ನಂದು. ಪಾಳು ಅಂತ ಬರಿ. ನಾ ಬಿತ್ಲಿಲ್ಲ, ಸುಳ್ಳು ಎಂತಕೆ?”

ದೀಕ್ಷಾ ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಸೇರಿಸುವುದನ್ನು ಕಂಡು ಹೊನ್ನು ಅವಳ ಎದುರಿಗೆ ಬಂದು ನಿಂತಳು.

“ತಂಗೀ, ನಿನ್ ಅಪ್ಪ ದೋಣಿ ತಕಂಡು ಹೋಗಿ, ಮೇಲಿಂದ ಬರೀ ನೀರು ಕಾಣ್ತದೆ, ಮೀನಿಲ್ಲ ಅಂತ ವಾಪಸ್ ಬತ್ತಿದ್ನಾ?”

ದೀಕ್ಷಾಳಿಗೆ ನಗು ಬಂತು. ನಗು ತಡೆಯಲು ನೋಡಿದಳು, ಆಗಲಿಲ್ಲ. ಕಟ್ಟೆಯ ಉದ್ದಕ್ಕೂ ಕಣ್ಣು ಹಾಯಿಸಿದಳು. ತೂಬಿನ ಹತ್ತಿರ ಒಂದು ಸಣ್ಣ ದೋಣಿ ಕಟ್ಟಿತ್ತು.

“ಅದು ನಮ್ ಕೇರಿ ಕುಪ್ಪ ಮಾಮಾಂದು. ನಾ ಹೇಳ್ತೆ ಅವ್ಗೆ,” ಎಂದ ದೀಕ್ಷಾ ಚಪ್ಪಲಿ ಕಳಚಿಟ್ಟು ಹೋಗಿ ಹಗ್ಗ ಬಿಚ್ಚಿದಳು. ಗಣೇಶ ಏನೋ ಹೇಳಲು ಬಾಯಿ ತೆರೆದ. ಕುಪ್ಪನ ದೋಣಿಯ ಮೇಲೆ ಕಮಿಟಿಗೆ ಯಾವ ಅಧಿಕಾರವೂ ಇರಲಿಲ್ಲ.

ದೀಕ್ಷಾ ಬಿದಿರ ಗಳ ಊರಿದಳು. ಹೊನ್ನು ದೋಣಿ ಹತ್ತಲಿಲ್ಲ. ಅದರ ಅಂಚು ಹಿಡಿದು ತೊಡೆಯವರೆಗಿನ ನೀರಿನಲ್ಲಿ ನಡೆದಳು. ಕಾಲಿಗೆ ದಾರಿ ಗೊತ್ತಿತ್ತು. ಒಂದು ಬದು ದಾಟಿದಳು, ಇನ್ನೊಂದು ದಾಟಿದಳು. “ನಿಲ್ಸು,” ಎಂದಳು. ಮೊಬೈಲಿನ ನೀಲಿ ಚುಕ್ಕೆ ಗಡಿಯೊಳಗೆ ಬಂದು ನಿಂತಿತ್ತು. ದೀಕ್ಷಾ ಅದನ್ನು ಅವಳಿಗೆ ತೋರಿಸಿದಳು. ಹೊನ್ನು ನೋಡಲಿಲ್ಲ, ಬಗ್ಗಿ ಎರಡೂ ಕೈಗಳನ್ನು ಭುಜದವರೆಗೆ ನೀರಿಗೆ ಇಳಿಸಿದ್ದಳು.

ಹರಿವಿಗೆ ಒಂದೇ ಕಡೆ ಒರಗಿದ್ದ ಸಸಿಗಳನ್ನು ಅವಳು ಬುಡ ಅಲುಗದಂತೆ, ಮಗುವಿನ ತಲೆಗೂದಲು ಒಟ್ಟುಮಾಡುವಂತೆ ಸೇರಿಸಿ, ನಿಧಾನವಾಗಿ ನೆಟ್ಟಗೆ ಎತ್ತಿದಳು. ಮೊದಲು ಅವಳ ಬೆರಳು, ಆಮೇಲೆ ಬೆರಳ ಸಂದಿಯಿಂದ ಒಂದು ಹಿಡಿ ಹಸಿರು ನೀರಿನ ಮೇಲೆ ಬಂತು. ಗರಿಗಳಿಂದ ಕೆಸರು ಇಳಿಯಿತು.

“ಬೇಗ ತೆಗಿ. ಹೆಚ್ಚು ಹೊತ್ತು ಎಳ್ದು ಹಿಡೀಬಾರ್ದು.”

ದೀಕ್ಷಾ ತೆಗೆದಳು. ನಾಲ್ಕು ಹೆಜ್ಜೆ ಆಚೆ ಇನ್ನೊಂದು ಹಿಡಿ, ಇನ್ನೊಂದು ಫೋಟೋ. ಬೆಳೆಗಳ ಪಟ್ಟಿಯಲ್ಲಿ ಕಗ್ಗ ಇರಲಿಲ್ಲ. ಭತ್ತ ಇತ್ತು, ಅದನ್ನು ಒತ್ತಿದಳು. “ನೀರು ಎಲ್ಲಿಂದ ಅಂತ ಕೇಳ್ತದೆ. ಬಾವಿ, ಕಾಲುವೆ, ಮಳೆ.”

“ಸಮುದ್ರ ಇಲ್ಯಾ?”

“ಇಲ್ಲ.”

“ಹಾಂಗಾರೆ ಮಳೆ ಅನ್ನು. ಒಂದೂವರೆ ಎಕರೆ ಪೂರ್ತಿ ಬರೀಬೇಡ. ಆ ಮೂಲೆ ಹತ್ತು ಗುಂಟೆ ಬಿಡು, ಅಲ್ಲಿ ಉಪ್ಪು ಹೋಗಿಲ್ಲ, ಬಿತ್ಲಿಲ್ಲ.”

“ಪೂರ್ತಿ ಅಂತ್ಲೇ ಹಾಕ್ತೆ ಹೊನ್ನಕ್ಕಾ. ನೀರಿನಡಿಗೆ ಯಾರು ನೋಡ್ತಾರೆ?”

“ಬೇಡ. ನಾಳೆ ಯಾರಾದ್ರೂ ಬಂದು ಕೈ ಹಾಕಿ ನೋಡಿದ್ರೆ ಬರ್ದಲ್ಲೆಲ್ಲಾ ಸಿಗ್ಬೇಕು.”

ದೀಕ್ಷಾ ಅವಳು ಹೇಳಿದಷ್ಟೇ ಬರೆದು ಕಳಿಸಿದಳು. ಕಳಿಸಿದ್ದು ಹೋಗಿ ಮುಟ್ಟಿತೆಂದು ತಿಳಿಯುವವರೆಗೆ ಹೊನ್ನು ನೀರಿನಲ್ಲೇ ಅಲುಗದೆ ನಿಂತಿದ್ದಳು. ಅಪ್ಪನ ನೆನಪಾಯಿತು. ಮುಖಕ್ಕೆ ನೀರು ಎರಚಿಕೊಂಡಳು, ಅಭ್ಯಾಸಕ್ಕೆಂಬಂತೆ ತುಟಿ ನೆಕ್ಕಿ ನೋಡಿದಳು. ನೀರು ಸಪ್ಪೆಯಾಗಿಯೇ ಇತ್ತು.

ವಾಪಸ್ಸು ಗಣೇಶ ನಿಂತ ಕಡೆಗೆ ನೇರ ಬರುವಾಗ, ಕಡೆಯ ಬದು ದಾಟಿದ ಮೇಲೂ ದೋಣಿಯ ತಳಕ್ಕೆ ಏನೋ ಸವರಿಕೊಂಡು ಹೋಗುವ ಸದ್ದು ನಿಲ್ಲಲಿಲ್ಲ. ದೀಕ್ಷಾ ಗಳ ಎತ್ತಿ ಹಿಡಿದಳು. ಹೊನ್ನು ಕೈ ಇಳಿಸಿದವಳು ಹಾಗೇ ನಿಂತಳು. ಗಾಳಿಗೆ ತೇಲಿಹೋದ ಬೀಜ ಎಲ್ಲಿಗೆ ಹೋಗಿತ್ತೆಂದು ಅವಳಿಗೆ ಈಗ ತಿಳಿಯಿತು. ಸಸಿಯನ್ನು ಮೇಲೆತ್ತದೆ ಕೈ ತೆಗೆದಳು.

ಮೊಬೈಲಿನಲ್ಲಿ ಚುಕ್ಕೆ ಗಣೇಶನ ನಂಬರಿಗೆ ಜಿಗಿದಿತ್ತು. ಕಟ್ಟೆ ಈಗ ಮಾತು ಕೇಳುವಷ್ಟು ಹತ್ತಿರವಿತ್ತು. ದೀಕ್ಷಾ ತಲೆಯೆತ್ತಿದಳು.

“ಗಣೇಶಣ್ಣಾ, ನಿಮ್ದ್ರಲ್ಲಿ ಎಂತಾ ಬರೀಲಿ?”

“ಆಗ್ಲೇ ಹೇಳ್ದೆ ಅಲ್ಲಾ?”

“ಹೇಳಿದ್ರಿ. ಒಂದ್ಸಲ ಕೈ ಹಾಕಿ ನೋಡಿ, ಆಮೇಲೆ ಬರೀತೆ.”

ಗಣೇಶ ಹೊನ್ನುವಿನ ಮುಖ ನೋಡಿದ. ಅಲ್ಲಿ ಗೆದ್ದವರ ಕಳೆಯೇನೂ ಇರಲಿಲ್ಲ. ಅವನು ಕೊಡೆಯನ್ನು ಬದಿಗಿಟ್ಟು, ಕಟ್ಟೆಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು, ಅಂಗಿಯ ತೋಳು ಮಡಿಸುವುದನ್ನೂ ಮರೆತು ಕೈಯನ್ನು ಮೊಣಕೈವರೆಗೆ ಇಳಿಸಿದ. ತಡಕಿದ. ಬೆರಳಿಗೆ ಗರಿಗಳು ತಾಗಿದ ಮೇಲೆ ತಡಕುವುದನ್ನು ನಿಲ್ಲಿಸಿ, ಕೈಯನ್ನು ನೀರಿನೊಳಗೇ ಬಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ.

“ಸುಕ್ತಿ ಎಷ್ಟೊತ್ತಿಗೆ ಅಂದಿ, ಅತ್ಗೆ?”

“ಮೂರಕ್ಕೆ.”

ಅವನು ಎದ್ದ. ಒದ್ದೆ ಕೈಯಲ್ಲೇ ಉಡಿದಾರ ತಡವಿಕೊಳ್ಳುತ್ತ ತೂಬಿನ ಕಡೆಗೆ ನಡೆದ. ಮರೆತು ಬಿಟ್ಟುಹೋದ ಕೊಡೆ ಕಟ್ಟೆಯ ಮೇಲೆ ಮಗುಚಿಬಿದ್ದು, ಅದರ ಹೊಟ್ಟೆಯಲ್ಲಿ ಮಳೆನೀರು ತುಂಬತೊಡಗಿತು.